ಜೂನ್‌ವರೆಗೆ ಕಾಯುವ ದಾಸವಾಳ

ಪೂಜೆಗೆ ಹೂವು ಕೊಯ್ಯುವ ಅಭ್ಯಾಸವಿದ್ದವರಿಗೆ ಗೊತ್ತು, ಯಾವ ಊರಿಗೆ ಹೋದರೂ ಬೆಳಿಗ್ಗೆ ಎದ್ದ ಕೂಡಲೇ ಕಾಲು ತಾನಾಗಿ ಹಿತ್ತಿಲ ಕಡೆ ನಡೆಯುತ್ತದೆ. ನನ್ನ ಮಗಳ ಮನೆ ಇರುವುದು ಡೆನ್ವರಿನಲ್ಲಿ. ಅಮೆರಿಕದ ಕೊಲರಾಡೊ ರಾಜ್ಯದ ರಾಜಧಾನಿ, ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್, ಅಂದರೆ ನಮ್ಮ ಕೆಮ್ಮಣ್ಣುಗುಂಡಿಗಿಂತ ಎತ್ತರ. ಮೊದಲ ಸಲ ಹೋದದ್ದು ಏಪ್ರಿಲ್ ಕೊನೆಯಲ್ಲಿ. ಮರುದಿನ ಬೆಳಿಗ್ಗೆ ಹೂಬುಟ್ಟಿ ಇಲ್ಲದಿದ್ದರೇನು ಎಂದು ಒಂದು ಸ್ಟೀಲ್ ಬಟ್ಟಲು ಹಿಡಿದು ಹಿಂಬಾಗಿಲು ತೆರೆದೆ. ಇದ್ದದ್ದು ಕಂದುಗಟ್ಟಿದ ಹುಲ್ಲು, ನಾಲ್ಕಾರು ಒಣಕಡ್ಡಿ, ಬೇಲಿಯ ನೆರಳಲ್ಲಿ ಕರಗದೆ ಉಳಿದ ಒಂದು ಬೊಗಸೆ ಹಿಮ. ಬಟ್ಟಲು ಖಾಲಿಯೇ ಒಳಗೆ ಬಂತು. ಆ ದಿನ ದೇವರಿಗೆ ಅಂಗಡಿಯಿಂದ ತಂದ ಕಾರ್ನೇಷನ್ ಏರಿತು. ದೇವರಿಗೆ ಬೇಸರವಾದಂತೆ ಕಾಣಲಿಲ್ಲ, ಬೇಸರವೆಲ್ಲ ನನ್ನದೇ.

ಹಾಗಾಗಿ ಮೊದಲ ಭಾನುವಾರವೇ ಅಳಿಯನನ್ನು ಹೊರಡಿಸಿಕೊಂಡು ನರ್ಸರಿಗೆ ಹೋದೆ. ಗಿಡ ಕೊಳ್ಳುವಾಗ ನಾವೆಲ್ಲ ಮಾಡುವುದು ಒಂದೇ, ಹೂವು ನೋಡುತ್ತೇವೆ. ಅಲ್ಲಿಯವರು ಕುಂಡದೊಳಗೆ ಚುಚ್ಚಿದ ಚೀಟಿ ನೋಡುತ್ತಾರೆ. ಅದರಲ್ಲಿ ‘ವಲಯ 5ರಿಂದ 9’ ಎಂದೋ ‘4ರಿಂದ 8’ ಎಂದೋ ಬರೆದಿರುತ್ತದೆ. ಅಮೆರಿಕದ ಕೃಷಿ ಇಲಾಖೆ ದೇಶವನ್ನು ಚಳಿಯ ಲೆಕ್ಕದಲ್ಲಿ 13 ವಲಯಗಳಾಗಿ ಹಂಚಿದೆ. ವರ್ಷದ ಅತಿ ಚಳಿಯ ರಾತ್ರಿ ಪಾದರಸ ಎಲ್ಲಿಗೆ ಇಳಿಯುತ್ತದೆ ಎಂಬುದರ 30 ವರ್ಷಗಳ ಸರಾಸರಿ ಅದು. ಈಗಿನ ನಕ್ಷೆ 2023ರದ್ದು. ಅದರ ಪ್ರಕಾರ ಡೆನ್ವರ್ 5 ಮತ್ತು 6ರ ನಡುವೆ ಬರುತ್ತದೆ. 5 ಎಂದರೆ ಮೈನಸ್ 23 ಡಿಗ್ರಿ ಸೆಲ್ಸಿಯಸ್‌ನಿಂದ ಮೈನಸ್ 29ರವರೆಗೆ. ಮೈಸೂರಿನಲ್ಲಿ 14 ಡಿಗ್ರಿಗೆ ಮಫ್ಲರ್ ಸುತ್ತಿಕೊಳ್ಳುವ ನಾನು ಆ ಚೀಟಿ ಓದಿಯೇ ನಡುಗಿದೆ. ಆದರೆ ಆ ಚೀಟಿ ಹೇಳುವುದು ಒಂದು ರಾತ್ರಿಯ ಕತೆ ಮಾತ್ರ. ಅದೇ ಊರಿನಲ್ಲಿ ಜುಲೈ ತಿಂಗಳಲ್ಲಿ 38 ಡಿಗ್ರಿ ಮುಟ್ಟುವುದೂ ಉಂಟು, ಎತ್ತರದ ತೆಳುಗಾಳಿಯಲ್ಲಿ ಬಿಸಿಲು ಸೂಜಿಯಂತೆ ಚುಚ್ಚುತ್ತದೆ, ಮಳೆ ಹಿಮ ಎಲ್ಲ ಸೇರಿ ವರ್ಷಕ್ಕೆ ಬೀಳುವುದು ಸುಮಾರು 37 ಸೆಂಟಿಮೀಟರ್. ಚಳಿಗೆ ಜಗ್ಗದ ಎಷ್ಟೋ ಗಿಡ ಈ ಬಿಸಿಲಿಗೆ ಸುಟ್ಟುಹೋಗುತ್ತದೆ. ಈ ಕೊರತೆ ಅವರಿಗೂ ತಿಳಿಯಿತು. 1997ರಲ್ಲಿ ಅಮೆರಿಕದ ತೋಟಗಾರಿಕಾ ಸಂಘ 30 ಡಿಗ್ರಿ ದಾಟುವ ದಿನಗಳನ್ನು ಎಣಿಸಿ ಸೆಕೆಗೂ ಒಂದು ನಕ್ಷೆ ಮಾಡಿತು. ಚಳಿಯ ನಕ್ಷೆ ಮಾತ್ರ ಎಲ್ಲರ ಬಾಯಲ್ಲಿದೆ, ಸೆಕೆಯದನ್ನು ಕೇಳುವವರು ಕಡಿಮೆ. ಸಂಬಂಧ ನೋಡುವಾಗ ಹುಡುಗನ ಸಂಬಳ ಮಾತ್ರ ಕೇಳಿ, ಸಿಟ್ಟು ಬಂದಾಗ ಹೇಗಿರುತ್ತಾನೆ ಎಂದು ಕೇಳದೆ ಎದ್ದು ಬರುತ್ತೇವಲ್ಲ, ಹಾಗೆ.

ಸಿಟ್ಟಿನ ಮಾತು ಸುಮ್ಮನೆ ಎತ್ತಲಿಲ್ಲ. ಡೆನ್ವರಿನ ಹವೆಗೆ ಮುಂಗೋಪ. 2020ರ ಸೆಪ್ಟೆಂಬರ್ 5ರಂದು ಅಲ್ಲಿ 38 ಡಿಗ್ರಿ ಬಿಸಿಲು. 8ನೇ ತಾರೀಖು ಹಿಮ ಬಿತ್ತು. 2022ರ ಡಿಸೆಂಬರ್ 21ರಂದು ಒಂದೇ ಗಂಟೆಯಲ್ಲಿ ಉಷ್ಣಾಂಶ ಸುಮಾರು 20 ಡಿಗ್ರಿ ಕುಸಿಯಿತು, ಮರುದಿನ ಮೈನಸ್ 31. ಅಂಥ ಚಳಿಗಾಲದ ಮಧ್ಯೆಯೇ ಬೆಟ್ಟದ ಕಡೆಯಿಂದ ಚಿನೂಕ್ ಎಂಬ ಬಿಸಿಗಾಳಿ ಇಳಿದು, ಜನವರಿಯಲ್ಲಿ ಜನ ಅರ್ಧ ತೋಳಿನ ಅಂಗಿ ಹಾಕಿಕೊಂಡು ತಿರುಗುವ ದಿನಗಳೂ ಬರುತ್ತವೆ. ಮನುಷ್ಯರಾದರೆ ಒಳಗೆ ಹೋಗಿ ಸ್ವೆಟರ್ ತಂದುಕೊಂಡಾರು. ಗಿಡ ಎಲ್ಲಿಗೆ ಹೋಗಬೇಕು?

ಎರಡನೆಯ ಸಲ ಹೋದದ್ದು ನವೆಂಬರಿನಲ್ಲಿ, ಮಗಳ ಬಾಣಂತನಕ್ಕೆ. ನನ್ನ ಹೆಂಡತಿಗೆ ಎಣ್ಣೆ, ನೀರು, ಸಾಂಬ್ರಾಣಿ ಎಂದು ಕೈತುಂಬ ಕೆಲಸ. ನನಗೆ ಕಿಟಕಿ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ, ನಿವೃತ್ತ ಶಾಲಾ ಶಿಕ್ಷಕಿ. ಒಂದು ಬೆಳಿಗ್ಗೆ ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಆಕೆ ತಳ್ಳುಗಾಡಿಯಲ್ಲಿ ತೊಗಟೆಯ ಚೂರು ತುಂಬಿಕೊಂಡು ಬಂದು ಗಿಡಗಳ ಬುಡಕ್ಕೆ ಹೊದಿಸುತ್ತಿದ್ದರು. ಪಾಪ, ತಡಮಾಡಿದರು, ಬೇರು ಆಗಲೇ ತಣ್ಣಗಾಗಿದೆ, ಈಗ ಕಂಬಳಿ ಹೊದಿಸಿ ಏನು ಫಲ ಎಂದುಕೊಂಡೆ. ಬೇಲಿಯಾಚೆಯಿಂದ ಕೇಳಿಯೂಬಿಟ್ಟೆ. ಆಕೆ ನಕ್ಕು, ಇದು ಬೆಚ್ಚಗಿಡಲು ಅಲ್ಲ, ತಣ್ಣಗಿಡಲು ಎಂದರು. ನೆಲ ಹೆಪ್ಪುಗಟ್ಟಿದರೆ ಗಿಡಕ್ಕೆ ತೊಂದರೆಯಿಲ್ಲವಂತೆ. ತೊಂದರೆ ಬರುವುದು ಹಗಲು ಕರಗಿ, ರಾತ್ರಿ ಗಟ್ಟಿಯಾಗಿ, ಮತ್ತೆ ಕರಗಿದಾಗ. ಹಾಗೆ ಉಬ್ಬಿ ಇಳಿಯುವ ಮಣ್ಣು ಸಣ್ಣ ಗಿಡಗಳನ್ನು ಬೇರುಸಹಿತ ಮೇಲಕ್ಕೆ ಎತ್ತಿ ಹಾಕುತ್ತದೆ. ನೆಲ ಒಮ್ಮೆ ಗಟ್ಟಿಯಾದ ಮೇಲೆ ಹೊದಿಸಿದರೆ ವಸಂತದವರೆಗೆ ಹಾಗೆಯೇ ಇರುತ್ತದೆ. ಅವರ ಮನೆಯ ಎಳೆಯ ಮೇಪಲ್ ಮರಕ್ಕೆ ಬಿಳಿ ಪಟ್ಟಿ ಸುತ್ತಿದ್ದರು, ಕಾಲು ಮುರಿದವರಿಗೆ ಬ್ಯಾಂಡೇಜ್ ಕಟ್ಟಿದ ಹಾಗೆ. ಅದೂ ಚಳಿಗೆ ಅಲ್ಲ, ಬಿಸಿಲಿಗೆ. ಚಳಿಗಾಲದ ಸಂಜೆಬಿಸಿಲು ಕಾಂಡದ ನೈರುತ್ಯ ಮಗ್ಗುಲನ್ನು ಕಾಯಿಸಿ ಎಬ್ಬಿಸುತ್ತದೆ, ಸೂರ್ಯ ಮುಳುಗಿದ ಕೂಡಲೇ ಎದ್ದ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ, ತೊಗಟೆ ಸೀಳುತ್ತದೆ.

ಆಮೇಲೆ ಈ ವಿಷಯ ಕೆದಕಿ ಓದಿದೆ. ಚಳಿನಾಡಿನ ಗಿಡ ಶರತ್ಕಾಲದಲ್ಲಿ ಹಗಲು ಕಿರಿದಾಗುವುದನ್ನು ಗಮನಿಸಿ ವಾರಗಟ್ಟಲೆ ಸಿದ್ಧವಾಗುತ್ತದೆ. ರಸದಲ್ಲಿ ಸಕ್ಕರೆ ಹೆಚ್ಚುತ್ತದೆ. ಜೀವಕೋಶದ ಒಳಗಿನ ನೀರು ಹೊರಕ್ಕೆ ಸರಿದು ಕೋಶಗಳ ನಡುವಿನ ಸಂದುಗಳಲ್ಲಿ ಹೆಪ್ಪುಗಟ್ಟುತ್ತದೆ. ಒಳಗೆ ಹೆಪ್ಪುಗಟ್ಟಿದರೆ ಕೋಶ ಒಡೆದು ಸಾವು. ಹೊರಗೆ ಗಟ್ಟಿಯಾದರೆ ಬದುಕುತ್ತದೆ. ಇಷ್ಟು ಏರ್ಪಾಡು ಮಾಡಿಕೊಂಡ ಗಿಡ ಮೈನಸ್ 25ಕ್ಕೂ ಹೆದರುವುದಿಲ್ಲ. ಅದೇ ಗಿಡ ಅಕ್ಟೋಬರ್ ಮೊದಲ ವಾರದಲ್ಲಿ, ಇನ್ನೂ ಸಿದ್ಧವಾಗದಿದ್ದಾಗ, ಮೈನಸ್ 8ಕ್ಕೇ ಬಲಿಯಾಗಬಹುದು. ಇದನ್ನು ಓದುವಾಗ ನನಗೆ ನೆನಪಾದದ್ದು ನಾನು ಕಂಡ ಕೆಲವು ಮನೆಗಳು. ತಂದೆ ಸದಾ ಬಿಗಿ ಇರುವ ಮನೆಯಲ್ಲಿ ಮಕ್ಕಳು ಹೇಗೋ ಹೊಂದಿಕೊಂಡು ಬೆಳೆಯುತ್ತವೆ. ಬೆಳಿಗ್ಗೆ ಮುದ್ದು, ಸಂಜೆ ಏಟು ಎನ್ನುವ ಮನೆಯಲ್ಲಿ ಬೆಳೆದ ಮಗು ಯಾರಾದರೂ ನಕ್ಕರೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ನಾನೂ ಅಂಥ ದಿನಗಳನ್ನು ಮನೆಯವರಿಗೆ ತೋರಿಸಿದವನೇ. ಬ್ಯಾಂಕಿನ ಲೆಕ್ಕ ಹೊಂದಿದ ದಿನ ಮೈಸೂರುಪಾಕು, ಹೊಂದದ ದಿನ ತಟ್ಟೆ ಸದ್ದು. ಈ ಮಾತನ್ನು ಮಗಳ ಮುಂದೆ ಆಡಲು ಧೈರ್ಯ ಸಾಲದೆ, ಅಜ್ಜಿಯಿಂದ ಎರಡು ಚೀಲ ತೊಗಟೆ ಕೇಳಿ ತಂದು ಮಗಳ ಗಿಡಗಳಿಗೂ ಹೊದಿಸಿದೆ.

ಆ ಗಿಡಗಳಲ್ಲಿ ಒಂದು ದಾಸವಾಳ. ಮೊದಲ ಸಲ ಹೋದಾಗ ನಾನೇ ಹಟ ಹಿಡಿದು ತರಿಸಿದ್ದು. ನಮ್ಮ ಊರಿನ ಕೆಂಪು ದಾಸವಾಳ ಅಲ್ಲಿ ಕುಂಡದಲ್ಲಿ ಮಾತ್ರ ಬದುಕುತ್ತದೆ, ಸೆಪ್ಟೆಂಬರಿನಲ್ಲಿ ಕೂಸನ್ನು ಎತ್ತಿಕೊಂಡ ಹಾಗೆ ಒಳಗೆ ಎತ್ತಿಕೊಳ್ಳಬೇಕು. ನೆಲದಲ್ಲಿ ಉಳಿಯುವ ಜಾತಿ ಬೇರೆ, ಹಿಬಿಸ್ಕಸ್ ಮಾಶೂಟೋಸ್. ಅಮೆರಿಕದ ಪೂರ್ವಭಾಗದ ಜೌಗು ನೆಲದ್ದು. ಹೂವು ಊಟದ ತಟ್ಟೆಯಷ್ಟು ಅಗಲ. ಆಗಸ್ಟಿನಲ್ಲಿ ಮೊದಲ ಹೂವು ಕೊಯ್ದು ಗಣಪತಿಗೆ ಇಟ್ಟರೆ ಗಣಪತಿಯೇ ಕಾಣಲಿಲ್ಲ. ಹಿರಿಯ ಮೊಮ್ಮಗ ಅಂದು ಇಡೀ ದಿನ ದೇವರ ಮನೆಯ ಮುಂದೆ ನಗುತ್ತಾ ಕೂತಿದ್ದ. ಚಳಿ ಬಂದೊಡನೆ ಈ ಗಿಡ ನೆಲಮಟ್ಟದವರೆಗೆ ಒಣಗಿ, ಬೇರಿನಲ್ಲಿ ಮಾತ್ರ ಜೀವ ಹಿಡಿದುಕೊಳ್ಳುತ್ತದೆ.

ಬಾಣಂತನ ಮುಗಿಯಿತು, ಏಪ್ರಿಲ್ ಬಂತು. ಟ್ಯೂಲಿಪ್ ಅರಳಿತು, ಲೈಲಾಕ್ ಚಿಗುರಿತು. ದಾಸವಾಳದ ಜಾಗದಲ್ಲಿ ಎರಡು ಒಣಕಡ್ಡಿ. ಮೇ ಮೊದಲ ವಾರವೂ ಅದೇ ಎರಡು ಕಡ್ಡಿ. ಊರಿಗೆ ಹೊರಡಲು ಹತ್ತು ದಿನ ಉಳಿದಿತ್ತು. ಹೋಗುವ ಮೊದಲು ಆ ಜಾಗ ತುಂಬಿಸಿ ಹೋಗೋಣ ಎಂಬ ಆತುರ ನನಗೆ. ‘ಸ್ವಲ್ಪ ತಾಳಿ ಅಪ್ಪ’ ಎಂದು ಮಗಳು ಅಂದದ್ದು ಕಿವಿಗೆ ಬೀಳಲಿಲ್ಲ. ಗುದ್ದಲಿ ಹಾಕಿ, ಮೀಟಿ, ಗಡ್ಡೆಯಂಥ ಬುಡವನ್ನು ಪೂರಾ ಎತ್ತಿಬಿಟ್ಟೆ. ಮಣ್ಣು ಕೊಡವಿ ನೋಡುತ್ತೇನೆ, ಬುಡದ ಸುತ್ತ ಅಕ್ಕಿಕಾಳಿನಷ್ಟು ದಪ್ಪದ ಬಿಳಿ ಮೊಳಕೆಗಳು. ಒಂದೆರಡು ಗುದ್ದಲಿಯ ಏಟಿಗೆ ಕತ್ತರಿಸಿಹೋಗಿದ್ದವು. ಯಾರೂ ನೋಡಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಹೂತು, ನೀರು ಹಾಕಿ, ಮೇಲೆ ತೊಗಟೆ ಸರಿಸಿ ಒಳಗೆ ಬಂದೆ. ಕೈತೊಳೆಯುವ ಸಿಂಕಿನ ಮೇಲೆಯೇ ಹಿತ್ತಿಲಿಗೆ ತೆರೆಯುವ ಕಿಟಕಿ ಇದೆ, ಅದರ ಮುಂದೆ ಮಗಳು ಪಾತ್ರೆ ತೊಳೆಯುತ್ತಿದ್ದಳು. ಏನೂ ಅನ್ನಲಿಲ್ಲ.

ತಡವಾಗಿ ಏಳುವುದು ಆ ಗಿಡದ ಸೋಮಾರಿತನವಲ್ಲ ಎಂದು ಅಜ್ಜಿಯ ಹಿತ್ತಿಲು ನೋಡಿ ಅರ್ಥವಾಯಿತು. ಅವರಲ್ಲಿ ಒಂದು ಏಪ್ರಿಕಾಟ್ ಮರ ಇದೆ. ಬೆಚ್ಚಗಿನ ನಾಲ್ಕು ದಿನ ಬಂದರೆ ಸಾಕು, ವಸಂತ ಬಂದೇಬಿಟ್ಟಿತು ಎಂದು ಮೈತುಂಬ ಅರಳಿಬಿಡುತ್ತದೆ. ಡೆನ್ವರಿನಲ್ಲಿ ಮೇ ಮೊದಲರ್ಧದವರೆಗೂ ಹಿಮಗಟ್ಟುವ ರಾತ್ರಿಗಳು ಬರಬಹುದು. ಒಂದು ರಾತ್ರಿ ಸಾಕು, ಬೆಳಿಗ್ಗೆ ಹೂವೆಲ್ಲ ಟೀ ಬಣ್ಣ. ಹಣ್ಣು ಕಂಡ ವರ್ಷಗಳನ್ನು ಅಜ್ಜಿ ಬೆರಳಲ್ಲಿ ಎಣಿಸುತ್ತಾರೆ. ಅದೇ ಬೀದಿಯಲ್ಲಿ ಕೆಂಟಕಿ ಕಾಫಿಮರ ಎಂಬುದೊಂದಿದೆ. ನಮ್ಮ ಚಿಕ್ಕಮಗಳೂರಿನ ಕಾಫಿಗೂ ಅದಕ್ಕೂ ನಂಟಿಲ್ಲ, ಅದು ಹುಣಸೆ, ಗುಲ್‌ಮೊಹರ್‌ಗಳ ಬಳಗದ್ದು. ಊರಿನ ಮರಗಳೆಲ್ಲ ಹಸಿರಾದ ಮೇಲೆ, ನಿಧಾನವಾಗಿ, ಕೊನೆಗೆ ಎಲೆ ಬಿಡುತ್ತದೆ. ಆಮೇಲೆ ಬಿಸಿಲಿಗೂ ಜಗ್ಗುವುದಿಲ್ಲ, ಬರಕ್ಕೂ ಜಗ್ಗುವುದಿಲ್ಲ. ತಾಳಿದವನು ಬಾಳಿಯಾನು ಎನ್ನುತ್ತಾರಲ್ಲ, ಅದರಲ್ಲಿ ಕಷ್ಟ ತಡೆದುಕೊಳ್ಳುವ ಅರ್ಥ ಮಾತ್ರ ಇದೆ ಎಂದುಕೊಂಡಿದ್ದೆ. ಸುಖದ ಸೂಚನೆ ಕಂಡ ಕೂಡಲೇ ಹಿಗ್ಗದೆ ಇರುವುದೂ ಅದರಲ್ಲಿ ಸೇರಿದೆ.

ಹಾಗಾದರೆ ಅಂಥ ಊರಿನಲ್ಲಿ ಏನು ನೆಡಬೇಕು? ನನ್ನನ್ನು ಕೇಳಿದರೆ, ಹೂವಿನ ಚೆಲುವನ್ನು ಬಿಟ್ಟು ಗಿಡದ ತವರು ವಿಚಾರಿಸಬೇಕು. ಡೆನ್ವರಿನ ಸಸ್ಯೋದ್ಯಾನದಲ್ಲಿ 2016ರಿಂದ ಹುಲ್ಲುಗಾವಲು ಸೀಮೆಗಳದ್ದೇ ಒಂದು ಭಾಗವಿದೆ. ಮಧ್ಯ ಏಷ್ಯಾ, ಪ್ಯಾಟಗೋನಿಯಾ, ದಕ್ಷಿಣ ಆಫ್ರಿಕಾ, ಅವರದೇ ಬಯಲು. ನಾಲ್ಕೂ ಕಡೆ ಕೊರೆಯುವ ಚಳಿ, ಸುಡುವ ಬೇಸಿಗೆ, ಅಳತೆಯ ಮಳೆ. ಅಲ್ಲಿನ ಗಿಡಗಳು ಭಾಷೆ ಬೇರೆಯಾದರೂ ಕಷ್ಟಸುಖ ಒಂದೇ ಆದ ನೆಂಟರ ಹಾಗೆ ಹೊಂದಿಕೊಂಡುಬಿಟ್ಟಿವೆ. ದಕ್ಷಿಣ ಆಫ್ರಿಕಾದ ಬೆಟ್ಟಗಳಿಂದ ಬಂದ ಐಸ್ ಪ್ಲಾಂಟ್ ಎಂಬ ನೆಲಹಬ್ಬುವ ಗಿಡ ಕಲ್ಲುಸಂದಿನಲ್ಲಿ ಗುಲಾಬಿ ಚಾಪೆ ಹಾಸುತ್ತದೆ. ರಷ್ಯನ್ ಸೇಜ್ ಎಂಬುದು ಬೂದುಕಡ್ಡಿಯ ಮೇಲೆ ನೀಲಿಹೊಗೆಯ ಹಾಗೆ ಹೂಬಿಡುತ್ತದೆ. ಅದರ ತವರು ರಷ್ಯವಲ್ಲ, ಆಫ್ಘಾನಿಸ್ತಾನ, ಪಾಕಿಸ್ತಾನ, ಟಿಬೆಟ್ ಸುತ್ತಮುತ್ತ. ಬಹಳ ಕಾಲ ಅದು ಸೇಜ್ ಕೂಡ ಅಲ್ಲ ಎನ್ನುತ್ತಿದ್ದರು. 2017ರಲ್ಲಿ ಸಸ್ಯಶಾಸ್ತ್ರಜ್ಞರು ಅದನ್ನು ಸಾಲ್ವಿಯಾ ಕುಲಕ್ಕೇ ಸೇರಿಸಿದ್ದರಿಂದ ಹೆಸರಿನಲ್ಲಿ ಅರ್ಧ ಸುಳ್ಳು ಮಾತ್ರ ಉಳಿದಿದೆ. ಅಮೆರಿಕದ ಬಯಲಿನದೇ ಗಿಡ ಗೆಲಾರ್ಡಿಯಾ. ನಮ್ಮ ಪಾರ್ಕುಗಳಲ್ಲಿ, ಸರ್ಕಾರಿ ಶಾಲೆಗಳ ಮುಂದಿನ ಪಾತಿಗಳಲ್ಲಿ ಕೆಂಪು ಹಳದಿ ಚಕ್ರದ ಹಾಗೆ ಅರಳುವ ಹೂವು. ಅದನ್ನು ಅಲ್ಲಿ ಕಂಡು ನಮ್ಮೂರ ಹೂವು ಇಲ್ಲಿಗೂ ಬಂದಿದೆ ಎಂದು ಮೊಮ್ಮಗನಿಗೆ ಹೇಳಿಬಿಟ್ಟೆ. ಆಮೇಲೆ ತಿದ್ದಿಕೊಳ್ಳಬೇಕಾಯಿತು. ದೀಪಾವಳಿಗೆ ಬಾಗಿಲಿಗೆ ಕಟ್ಟುವ ಚೆಂಡು ಹೂವು ಕೂಡ ಮೆಕ್ಸಿಕೋ ಕಡೆಯದು. ಡೆನ್ವರಿನಲ್ಲಿ ಅದು ಒಂದು ಬೇಸಿಗೆಯ ಅತಿಥಿ, ಮೇ ಮಧ್ಯದಲ್ಲಿ ನೆಟ್ಟರೆ ಅಕ್ಟೋಬರಿನ ಮೊದಲ ಹಿಮಕ್ಕೆ ಕಪ್ಪಗಾಗುತ್ತದೆ.

ಚಳಿಯನ್ನು ಬರೀ ಸಹಿಸುವುದಲ್ಲ, ಚಳಿ ಬೇಕೇ ಬೇಕು ಎನ್ನುವ ಗಿಡಗಳೂ ಇವೆ. ಲೈಲಾಕ್, ಪಿಯೋನಿ ಆ ಜಾತಿ. ಅವುಗಳ ಮೊಗ್ಗಿಗೆ ವಾರಗಟ್ಟಲೆ ತಣ್ಣನೆಯ ನಿದ್ದೆ ಸಿಗದಿದ್ದರೆ ಹೂವಿಲ್ಲ. ಪಿಯೋನಿಯ ಗಡ್ಡೆಯನ್ನು ಐದು ಸೆಂಟಿಮೀಟರಿಗಿಂತ ಆಳಕ್ಕೆ ನೆಟ್ಟರೆ ಎಲೆ ಸೊಗಸಾಗಿ ಬೆಳೆದು ಹೂವು ಮಾತ್ರ ಬಾರದೆ ಹೋಗುತ್ತದೆ. ಚಳಿ ತಾಗದಿರಲಿ ಎಂದು ಪ್ರೀತಿಯಿಂದ ಆಳಕ್ಕೆ ಹೂಳುವ ನಮ್ಮಂಥವರು ವರ್ಷಗಟ್ಟಲೆ ಎಲೆ ನೋಡಬೇಕಾಗುತ್ತದೆ. ಸರಿಯಾಗಿ ನೆಟ್ಟದ್ದು ಅರ್ಧ ಶತಮಾನ ಬಾಳುತ್ತದೆ, ನೆಟ್ಟವರ ಮೊಮ್ಮಕ್ಕಳು ಹೂವು ಕೊಯ್ಯುತ್ತಾರೆ.

ನೀರಿನ ಮಾತು ಬಿಡಲಾಗದು. ಕಡಿಮೆ ನೀರಿನ ತೋಟಕ್ಕೆ ‘ಝೆರಿಸ್ಕೇಪ್’ ಎಂಬ ಹೆಸರು ಹುಟ್ಟಿದ್ದೇ ಡೆನ್ವರಿನಲ್ಲಿ, 1981ರಲ್ಲಿ, ಅಲ್ಲಿನ ನೀರು ಸರಬರಾಜು ಸಂಸ್ಥೆಯಿಂದ. ಚಳಿಗಾಲದಲ್ಲೂ ಹಿಮ ಬೀಳದ ತಿಂಗಳುಗಳಲ್ಲಿ ಹೊಸ ಮರಗಳಿಗೆ ಒಂದೆರಡು ಸಲ ನೀರು ಹಾಕಬೇಕು. ಚಳಿಯಿಂದ ಸತ್ತವು ಎಂದು ನಾವು ಅಂದುಕೊಳ್ಳುವ ಅನೇಕ ಗಿಡಗಳು ಬಾಯಾರಿ ಸತ್ತಿರುತ್ತವೆ. ಹೀಗಿರುವಾಗ ಜೌಗಿನ ದಾಸವಾಳ ತರಿಸಿದ್ದು ತಪ್ಪು ಎಂದು ಈಗ ಅನ್ನಿಸುತ್ತದೆ. ತರಿಸಿಯಾಗಿದೆ. ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು ಬಕೆಟ್ಟಿಗೆ ಹಿಡಿದು ಅದಕ್ಕೇ ಹಾಕುವ ಪರಿಪಾಠ ಮಾಡಿಟ್ಟು ಬಂದಿದ್ದೇನೆ. ಇನ್ನೊಂದು ತರಿಸಲಾರೆ.

ಊರಿನ ನೆನಪಿಗೆ ಗಿಡ ಬೇಡವೇ ಎಂದು ನೀವು ಕೇಳಬಹುದು. ಬೇಕು. ತುಳಸಿ, ಕರಿಬೇವು, ಒಂದು ಮಲ್ಲಿಗೆ ಬಳ್ಳಿ, ಮೂರು ಕುಂಡ, ದಕ್ಷಿಣದ ಕಿಟಕಿ. ಅದಕ್ಕಿಂತ ಹೆಚ್ಚಾದರೆ ಚಳಿಗಾಲದಲ್ಲಿ ಮನೆಯೊಳಗೆ ಮನುಷ್ಯರು ಕೂರಲು ಜಾಗ ಇರುವುದಿಲ್ಲ. ಹೊರಗಿನ ನೆಲ ಆ ಊರಿನದು, ಅಲ್ಲಿ ಆ ಊರಿನ ಮಾತು ನಡೆಯಬೇಕು. 1908ರಲ್ಲಿ ಲಾಲ್‌ಬಾಗಿಗೆ ಬಂದ ಕ್ರುಂಬಿಗಲ್ ಜರ್ಮನಿಯ ಡ್ರೆಸ್ಡೆನ್ ಹತ್ತಿರ ಹುಟ್ಟಿದವರು. ವರ್ಷವಿಡೀ ಒಂದಲ್ಲ ಒಂದು ಮರ ಹೂಬಿಟ್ಟಿರಬೇಕು ಎಂಬ ಲೆಕ್ಕದಲ್ಲಿ ಬೆಂಗಳೂರಿನ ಸಾಲುಮರಗಳನ್ನು ಆರಿಸಿದವರು. ಇಂದು ಆ ಬೀದಿಗಳಲ್ಲಿ ನಮಗೆ ಸಿಗುವುದು ಡ್ರೆಸ್ಡೆನ್ನಿನ ಮರಗಳಲ್ಲ, ನಮ್ಮ ಬಿಸಿಲಿಗೆ ಒಗ್ಗಿದ ದಕ್ಷಿಣ ಅಮೆರಿಕದ ಜಕರಂಡ, ಮಡಗಾಸ್ಕರಿನ ಗುಲ್‌ಮೊಹರ್. ಅವರಿಗೂ ತಮ್ಮ ಊರು ನೆನಪಾಗಿರಲೇಬೇಕು.

ಈ ವರ್ಷ ಮತ್ತೆ ಏಪ್ರಿಲಿನಲ್ಲಿ ಹೋಗಿದ್ದೆ. ಬಟ್ಟಲು ಹಿಡಿದು ಹಿಂಬಾಗಿಲು ತೆರೆದೆ. ದಾಸವಾಳದ ಜಾಗದಲ್ಲಿ ಅದೇ ಎರಡು ಒಣಕಡ್ಡಿ, ಪಕ್ಕದಲ್ಲಿ ಹೊಸದಾಗಿ ನೆಟ್ಟ ಒಂದು ಮರದ ಪಟ್ಟಿ. ಅದರ ಮೇಲೆ ಕಪ್ಪು ಬಣ್ಣದಲ್ಲಿ, ಕನ್ನಡದಲ್ಲಿ, ಮಗಳ ದುಂಡು ಅಕ್ಷರ: ‘ಜೀವ ಇದೆ. ಅಗೆಯಬೇಡಿ.’ ಯಾರಿಗೆ ಬರೆದದ್ದು ಎಂದು ನಾನು ಕೇಳಲಿಲ್ಲ. ಮೊಳಕೆ ಜೂನ್ 3ಕ್ಕೆ ಬಂತು.